ಮುಟ್ಟಿದ್ದು ಗೊತ್ತಾಗುತ್ತೆ, ಸುಟ್ಟಿದ್ದು ಗೊತ್ತಾಗಲ್ಲ

ಬೆನ್ನುಹುರಿಗೆ ಪೆಟ್ಟು ಬಿದ್ದವರ ಮನೆಯವರು ನನ್ನೆದುರೇ ಒಂದು ಪರೀಕ್ಷೆ ಮಾಡುತ್ತಾರೆ. ಕಾಲನ್ನು ಬೆರಳಿನಿಂದ ಮುಟ್ಟಿ "ಗೊತ್ತಾಗ್ತಿದೆಯಾ?" ಅಂತ ಕೇಳುತ್ತಾರೆ. "ಹೂಂ" ಅಂದರೆ ಮುಗಿಯಿತು. "ಸ್ಪರ್ಶಜ್ಞಾನ ಎಲ್ಲಾ ಸರಿಯಿದೆ ಡಾಕ್ಟ್ರೇ" ಎಂದು ತೀರ್ಪು ಕೊಡುತ್ತಾರೆ. ಮನೆಗೆ ಹೋಗಿ ಅದೇ ಕಾಲಿಗೆ ಬಿಸಿನೀರಿನ ಬ್ಯಾಗ್ ಇಡುತ್ತಾರೆ. ಬೊಬ್ಬೆ ಎದ್ದ ಮೇಲೆ ಮತ್ತೆ ನನ್ನ ಹತ್ತಿರ ಬರುತ್ತಾರೆ.

ಮುಟ್ಟಿದ್ದನ್ನು ಮೆದುಳಿಗೆ ತಿಳಿಸುವ ದಾರಿ ಬೇರೆ. ಬಿಸಿ, ತಂಪು, ನೋವು ತಿಳಿಸುವ ದಾರಿ ಬೇರೆ. ಒಂದು ಹಾಳಾಗಿ ಇನ್ನೊಂದು ಉಳಿಯಬಹುದು. ನಾವು ಹತ್ತಿ, ಸೂಜಿ, ಕಂಪನ ನೋಡುವ ಟ್ಯೂನಿಂಗ್ ಫೋರ್ಕ್ ಅಂತ ಬೇರೆ ಬೇರೆ ಇಟ್ಟು ನೋಡುವುದು ಸುಮ್ನೆ ಅಲ್ಲ.

ಬೆನ್ನುಹುರಿ ಕಿರುಬೆರಳಿನಷ್ಟು ದಪ್ಪ, ಸುಮಾರು 45 ಸೆಂ.ಮೀ. ಉದ್ದ. ಕಾಲು ಆಡಿಸುವ ನರತಂತುಗಳಲ್ಲಿ ಹೆಚ್ಚಿನವು ಮೆದುಳಿನ ಬುಡದಲ್ಲೇ ಪಕ್ಕ ಬದಲಿಸಿ ಇಳಿಯುತ್ತವೆ. ಆಮೇಲೆ ಎಡಗಾಲಿನವು ಹುರಿಯ ಎಡಗಡೆಯಲ್ಲೇ ಇರುತ್ತವೆ. ನವಿರಾದ ಸ್ಪರ್ಶ, ಕಂಪನ, ಪಾದ ಎಲ್ಲಿದೆ ಎನ್ನುವ ಅರಿವು ಹುರಿಯ ಹಿಂಭಾಗದಲ್ಲಿ ಅದೇ ಪಕ್ಕದಲ್ಲಿ ಮೇಲೇರುತ್ತವೆ. ಬಿಸಿ ಮತ್ತು ನೋವಿನ ಸುದ್ದಿ ಹಾಗಲ್ಲ. ಹುರಿ ಹೊಕ್ಕ ಸ್ವಲ್ಪದರಲ್ಲೇ ಎದುರು ಪಕ್ಕಕ್ಕೆ ದಾಟಿಬಿಡುತ್ತದೆ.

ಈಗ ಹುರಿಯ ಎಡ ಅರ್ಧ ಮಾತ್ರ ಹಾಳಾಯಿತು ಅಂದುಕೊಳ್ಳಿ. ಎಡಗಾಲು ಸೋಲುತ್ತದೆ. ಕಣ್ಣು ಮುಚ್ಚಿದರೆ ಆ ಪಾದ ಎಲ್ಲಿದೆ ಅಂತ ತಿಳಿಯುವುದಿಲ್ಲ. ಆದರೆ ಬಿಸಿ ತಾಗಿದರೆ ತಿಳಿಯುತ್ತದೆ. ಬಲಗಾಲಿಗೆ ಶಕ್ತಿ ಇದೆ, ಮುಟ್ಟಿದ್ದೂ ತಿಳಿಯುತ್ತದೆ, ಬಿಸಿ ಮಾತ್ರ ತಿಳಿಯುವುದಿಲ್ಲ. ಅಂದರೆ ಸುಟ್ಟುಕೊಳ್ಳುವ ಭಯ ಇರುವುದು 'ಒಳ್ಳೆ' ಕಾಲಿಗೆ. ಮಾರಿಷಸ್‌ನಲ್ಲಿ 1817ರಲ್ಲಿ ಹುಟ್ಟಿದ ಬ್ರೌನ್-ಸೆಕಾರ್ಡ್ ಇದನ್ನು ವಿವರಿಸಿದ ವೈದ್ಯ. ಅವರ ಹೆಸರೇ ಈ ಸ್ಥಿತಿಗೆ ಉಳಿದಿದೆ.

ಅಡಿಕೆ ಮರದಿಂದ ಬಿದ್ದವರು ನಮ್ಮಲ್ಲಿಗೆ ಬರುತ್ತಲೇ ಇರುತ್ತಾರೆ. ಕೊನೆ (ಅಡಿಕೆ ಗೊನೆ) ಕೊಯ್ಯುವಾಗ, ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವಾಗ ಜಾರುತ್ತಾರೆ. ಅಂಥ ಒಬ್ಬ ಕೊನೆಗಾರರಿಗೆ ಎಡಗಾಲು ಸೋತಿತ್ತು. ಹೆಂಡತಿ ಆ ಕಾಲಿಗೆ ಎಣ್ಣೆ ಹಚ್ಚಿದ್ದೇ ಹಚ್ಚಿದ್ದು. ಚಳಿಯ ಒಂದು ಸಂಜೆ ಅವರನ್ನು ಬಚ್ಚಲೊಲೆ ಮುಂದೆ ಕೂರಿಸಿದರು. ಎಡಗಾಲಿಗೆ ಬಿಸಿ ಜಾಸ್ತಿಯಾಯಿತು. ಎಳೆದುಕೊಳ್ಳಲು ಆಗದೆ ಅವರು ಹೆಂಡತಿಯನ್ನು ಕೂಗಿದರು. ಆಕೆ ಬಂದು ಎಡಗಾಲು ಸರಿಸಿದರು. ಸಲೀಸಾಗಿ ಆಡುತ್ತಿದ್ದ ಬಲಗಾಲು ಒಲೆಯ ಮುಂದೆಯೇ ಉಳಿಯಿತು. "ಕೆಟ್ಟ ಕಾಲು ಬಿಟ್ಟು ಒಳ್ಳೆ ಕಾಲು ಹೆಂಗೆ ಸುಟ್ಟಿತು ಡಾಕ್ಟ್ರೇ?" ಅಂತ ಆಕೆ ಕೇಳಿದರು. ನ್ಯಾಯವಾದ ಪ್ರಶ್ನೆ. ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಬರುವುದು ಮೊಬೈಲಿನಲ್ಲಿ ಎಂಆರ್‌ಐ ವರದಿ ಹಿಡಿದು ನನಗೇ ಪಾಠ ಮಾಡುವ ನೆಂಟರ ಮೇಲೆ.

ಒಂದು ಮಾತು. ಪೆಟ್ಟು ಹೀಗೆ ಗೆರೆ ಎಳೆದ ಹಾಗೆ ಅರ್ಧಕ್ಕೇ ನಿಲ್ಲುವುದು ಅಪರೂಪ. ಕಲಸುಮೇಲೋಗರವೇ ಜಾಸ್ತಿ. ಇದನ್ನು ಓದಿ ಮನೆಯಲ್ಲೇ ನಿರ್ಧಾರಕ್ಕೆ ಬರಬೇಡಿ, ಪರೀಕ್ಷಿಸಿದ ವೈದ್ಯರನ್ನೇ ಕೇಳಿ. ಹುರಿಯ ನಡುವೆ ನೀರಿನ ಕುಳಿ ಬೆಳೆಯುವ ಕಾಯಿಲೆಯೂ ಇದೆ. ಅಲ್ಲಿ ಪಕ್ಕ ದಾಟುವ ತಂತುಗಳಿಗೇ ಮೊದಲ ಏಟು. ಅಂಥವರು ರೊಟ್ಟಿ ಹಂಚಿನಲ್ಲಿ ಬೆರಳು ಸುಟ್ಟುಕೊಂಡು ಬರುತ್ತಾರೆ, ಅದೇ ಬೆರಳಲ್ಲಿ ಕಣ್ಣು ಮುಚ್ಚಿ ನಾಣ್ಯ ಗುರುತಿಸುತ್ತಾರೆ.

ಅರ್ಧ ಪೆಟ್ಟಿನವರಲ್ಲಿ ಹೆಚ್ಚಿನವರು ಮತ್ತೆ ನಡೆಯುತ್ತಾರೆ. ಕಷ್ಟ ಶುರುವಾಗುವುದೂ ಅಲ್ಲೇ. ನಡಿಗೆ ಬಂತಲ್ಲ ಅಂತ ಎಚ್ಚರ ಬಿಡುತ್ತಾರೆ, ಬಿಸಿ ತಿಳಿಯದಿರುವುದು ಮಾತ್ರ ಹಾಗೇ ಉಳಿಯಬಹುದು. ಸ್ನಾನದ ನೀರನ್ನು ಕೈಯಲ್ಲಿ ನೋಡಿ. ಪೆಟ್ಟು ಕುತ್ತಿಗೆಯದಾಗಿದ್ದರೆ ಆ ಕೈಯನ್ನೂ ನಂಬಬೇಡಿ, ಮನೆಯವರು ನೋಡಲಿ. ಬಿಸಿನೀರಿನ ಬ್ಯಾಗ್ ಬೇಡವೇ ಬೇಡ. ರಾತ್ರಿ ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ.

ಆ ಕೊನೆಗಾರರು ಈಗ ಕೋಲು ಹಿಡಿದು ನಡೆಯುತ್ತಾರೆ. ಮಗನ ಬೈಕಿನಲ್ಲಿ ಹಿಂದೆ ಕೂತು ಬರುತ್ತಾರೆ. ಸೈಲೆನ್ಸರ್ ಬಲಗಡೆ. ಬಲಗಾಲಿಗೆ ಬೂಟು ಹಾಕಿಸಿಯೇ ಕರೆದುಕೊಂಡು ಬಾ ಅಂದರೆ, "ಅದು ಒಳ್ಳೆ ಕಾಲಲ್ವಾ ಡಾಕ್ಟ್ರೇ?" ಅನ್ನುತ್ತಾನೆ ಮಗ. ನಾನು ಹತ್ತಿ, ಸೂಜಿ ತೆಗೆದು ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ.