ಬಾಗಿಲ ಹಿಡಿಕೆಯ ಶಾಕ್, ಪಂಪಿನ ಜುಮ್ಮು

ಮಂಗಳೂರಿನ ಏಸಿ ಆಫೀಸುಗಳಿಂದ ನನಗೆ ಬರುವ ದೂರು ಹೆಚ್ಚುಕಡಿಮೆ ಒಂದೇ: "ಬಾಗಿಲ ಹಿಡಿಕೆ ಮುಟ್ಟಿದರೆ ಚಟ್ ಅಂತ ಹೊಡೀತದೆ, ವೈರಿಂಗ್ ನೋಡಿ." ಹಿಡಿಕೆಯ ಹತ್ತಿರ ವೈರೇ ಇರುವುದಿಲ್ಲ. ಕುರ್ಚಿಯ ಸಿಂಥೆಟಿಕ್ ಬಟ್ಟೆಗೆ ಪ್ಯಾಂಟು ಉಜ್ಜಿರುತ್ತದೆ. ಎದ್ದಾಗ ಒಂದರ ಎಲೆಕ್ಟ್ರಾನುಗಳು ಇನ್ನೊಂದರಲ್ಲೇ ಉಳಿದುಬಿಡುತ್ತವೆ. ವಿದ್ಯುದಂಶ (ಚಾರ್ಜು) ಹೊಸದಾಗಿ ಹುಟ್ಟುವುದಿಲ್ಲ, ಇದ್ದದ್ದು ಜಾಗ ಬದಲಿಸುತ್ತದೆ. ರಬ್ಬರ್ ಅಡಿಯ ಬೂಟು ಇದ್ದರೆ ಅದು ನೆಲಕ್ಕಿಳಿಯದೆ ಮೈಯಲ್ಲೇ ನಿಂತು, ಲೋಹ ಸಿಕ್ಕಿದ ಕೂಡಲೇ ಕಿಡಿಯಾಗಿ ಹಾರುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಎಲ್ಲದರ ಮೇಲೂ ತೇವದ ತೆಳು ಪದರ ಇರುವುದರಿಂದ ಸಾಮಾನ್ಯವಾಗಿ ಅದು ಸದ್ದಿಲ್ಲದೆ ಸೋರಿಹೋಗುತ್ತದೆ. ಏಸಿ ಆ ತೇವ ಹಿಂಡಿದಾಗಲೇ ಈ ಫಜೀತಿ. (ಜನವರಿಯಲ್ಲಿ ಬೆಂಗಳೂರಿಗೆ ಹೋಗಿ ಸ್ವೆಟರ್ ಕಳಚಿದವರಿಗೆ ಹೇಳಬೇಕಾಗಿಲ್ಲ.)

ಆ ಕಿಡಿಯ ವೋಲ್ಟೇಜ್ ಹೇಳಿದರೆ ಜನ ಹೌಹಾರುತ್ತಾರೆ. ಚುಚ್ಚಿದ್ದು ಗೊತ್ತಾಗಬೇಕಾದರೇ ಸುಮಾರು 3,000 ವೋಲ್ಟ್ ಬೇಕು. 10,000 ಮುಟ್ಟುವುದೂ ಉಂಟು. ಮನೆಯ ಪ್ಲಗ್ಗಿನಲ್ಲಿರುವುದು 230. ಆದರೂ ಕೊಲ್ಲುವುದು ಪ್ಲಗ್ಗೇ. ಯಾಕೆಂದರೆ 10,000 ವೋಲ್ಟಿಗೇರಿದ ಮೈಯಲ್ಲೂ ನಿಂತಿರುವ ವಿದ್ಯುದಂಶ ಒಂದು ಕೂಲಂಬಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ಕಣ್ಣು ಮಿಟುಕಿಸುವ ಮೊದಲೇ ಹರಿದು ಖಾಲಿ. ಪ್ಲಗ್ಗಿನ ಹಿಂದೆ ಟ್ರಾನ್ಸ್‌ಫಾರ್ಮರ್ ಇದೆ, ಅದರ ಹಿಂದೆ ಇಡೀ ಗ್ರಿಡ್. ಒದ್ದೆ ಮೈಯ ರೋಧ 1,500 ಓಮ್ ಅಂತ ಹಿಡಿದರೆ 150 ಮಿಲಿಆಂಪಿಯರ್ ಕರೆಂಟ್ ಹರಿಯುತ್ತಲೇ ಇರುತ್ತದೆ. ಸ್ನಾಯು ಬಿಗಿದು ಕೈ ಬಿಡಿಸಿಕೊಳ್ಳಲಿಕ್ಕೂ ಆಗುವುದಿಲ್ಲ. ಹೃದಯದ ಲಯ ತಪ್ಪಲು ಒಂದೆರಡು ಸೆಕೆಂಡ್ ಸಾಕು.

ಪೆಟ್ರೋಲ್ ಆವಿ ಇದ್ದಲ್ಲಿ ಮಾತ್ರ ಲೆಕ್ಕ ಬೇರೆ. ಅದಕ್ಕೆ ಬೆಂಕಿ ಹತ್ತಲು ಒಂದು ಮಿಲಿಜೌಲಿಗಿಂತ ಕಡಿಮೆ ಶಕ್ತಿ ಸಾಕು, ನಮ್ಮ ಕಿಡಿಯಲ್ಲಿ ಐದರಷ್ಟಿರಬಹುದು. ಟ್ಯಾಂಕರಿಗೆ ತುಂಬಿಸುವ ಮೊದಲು ಚಾರ್ಜನ್ನು ನೆಲಕ್ಕಿಳಿಸುವ ಅರ್ಥ್ ಕ್ಲಿಪ್ ಹಾಕುವುದು ಅದಕ್ಕೇ.

ಹಿಡಿಕೆಯ ಶಾಕಿಗೆ ಫೋನ್ ಮಾಡುವವರೇ, ಮನೆಯ ಬಾವಿಕಟ್ಟೆಯ ಪಂಪಿನ ಪೈಪು "ಸ್ವಲ್ಪ ಜುಂ ಅಂತದೆ ಮಾರಾಯ್ರೆ" ಎನ್ನುವುದನ್ನು ಕಾಫಿ ಕುಡಿಯುವಾಗ ಸುಮ್ಮನೆ ಹೇಳುತ್ತಾರೆ. ಅದು ಪಂಪಿನಿಂದ ಪೈಪಿಗೆ ಸೋರುವ ಮನೆಯ ಕರೆಂಟೇ. ಒಣ ಚಪ್ಪಲಿ ಹಾಕಿದ್ದರೆ ಜುಂ. ಬರಿಗಾಲಲ್ಲಿ ಒದ್ದೆ ಕಟ್ಟೆಯ ಮೇಲೆ ನಿಂತರೆ ಅದೇ ಪೈಪು ಪ್ರಾಣಕ್ಕೆ ಬರುತ್ತದೆ.

"ಅರ್ಥಿಂಗ್ ಮಾಡಿಸಿದ್ದೇವಲ್ಲ" ಎನ್ನುವುದು ಸಮಾಧಾನವಲ್ಲ. ಉಡುಪಿ ಕಡೆಯ ಮುರಕಲ್ಲಿನ ಗುಡ್ಡಗಳಲ್ಲಿ ಬೇಸಗೆಯಲ್ಲಿ ಅರ್ಥಿನ ರೋಧ 20 ಓಮ್ ದಾಟಿದರೆ ನನಗೆ ಆಶ್ಚರ್ಯವಾಗುವುದಿಲ್ಲ. 230ನ್ನು 20ರಿಂದ ಭಾಗಿಸಿ: ನೆಲಕ್ಕಿಳಿಯುವ ಕರೆಂಟು 11.5 ಆಂಪಿಯರ್. ಕರೆಂಟು ಮಿತಿ ಮೀರಿದರೆ ಬೀಳುವ ಸ್ವಿಚ್ಚು, ಅಂದರೆ 16 ಆಂಪಿಯರಿನ ಎಂಸಿಬಿಗೆ ಅದು ಮಾಮೂಲಿ ಲೋಡು, ಅಲುಗಾಡುವುದಿಲ್ಲ. ಪಂಪಿನ ಮೈ ಲೈವ್ ಆಗಿಯೇ ಉಳಿಯುತ್ತದೆ. ಇಲ್ಲಿ ಕಾಯುವುದು ಆರ್‌ಸಿಸಿಬಿ. ಹೋದ ಕರೆಂಟಿಗೂ ವಾಪಸ್ ಬಂದದ್ದಕ್ಕೂ 30 ಮಿಲಿಆಂಪಿಯರ್ ವ್ಯತ್ಯಾಸ ಕಂಡರೆ ಲೈನನ್ನೇ ಕತ್ತರಿಸುತ್ತದೆ.

ಮಳೆಗಾಲದಲ್ಲಿ ಪದೇ ಪದೇ ಟ್ರಿಪ್ ಆಗುತ್ತದೆಂದು ಅದನ್ನು ಬೈಪಾಸ್ ಮಾಡಿಸಿಕೊಂಡ ಮನೆಗಳಿವೆ. ಮಾಡಿಕೊಟ್ಟವರ ಮೇಲೆ ನನಗೆ ಸಿಟ್ಟಿದೆ. ಟ್ರಿಪ್ ಆದರೆ ಎಲ್ಲೋ ಸೋರುತ್ತಿದೆ ಅಂತಲೇ ಅರ್ಥ. ಹೆಚ್ಚಾಗಿ ಅಂಗಳದ ಲೈಟು, ಗೇಟಿನ ಬೆಲ್ಲು, ಇಲ್ಲವೇ ಪಂಪಿನ ಕೇಬಲ್ ಜಾಯಿಂಟು. ಎಲ್ಲ ಎಂಸಿಬಿ ಇಳಿಸಿ, ಆರ್‌ಸಿಸಿಬಿ ಏರಿಸಿ, ಆಮೇಲೆ ಒಂದೊಂದೇ ಎಂಸಿಬಿ ಏರಿಸುತ್ತ ಬನ್ನಿ. ಯಾವುದಕ್ಕೆ ಬೀಳುತ್ತದೋ ಆ ಸರ್ಕ್ಯೂಟಿನಲ್ಲಿ ಹುಡುಕಬೇಕು. ನ್ಯೂಟ್ರಲ್ ವೈರೇ ನೆಲ ಮುಟ್ಟಿದ್ದರೆ ಈ ಉಪಾಯ ನಡೆಯದು, ಆಗ ಮೆಗ್ಗರ್ (ವೈರಿನ ಇನ್ಸುಲೇಷನ್ ಅಳೆಯುವ ಮೀಟರು) ಇಟ್ಟುಕೊಂಡವರನ್ನು ಕರೆಸಿ.