ಎರಡು ಹುಳು, ಒಂದೇ ಗೂಡು: ಡುಪಿಯನ್ ರೇಷ್ಮೆಯ ಹಿನ್ನೆಲೆ

ಮದುವೆಯ ಹಂಗಾಮು ಬಂತೆಂದರೆ ಮುಂಬಯಿಯ ಮಾಟುಂಗಾ, ದಾದರ್ ಕಡೆಯ ನಮ್ಮ ಕನ್ನಡಿಗರು ರವಿಕೆಗೆ, ಶೆರ್ವಾನಿಗೆ ಬಟ್ಟೆ ಹುಡುಕಿಕೊಂಡು ಮಂಗಳದಾಸ್ ಮಾರುಕಟ್ಟೆಗೆ ಹೋಗುತ್ತಾರೆ. ಅಂಗಡಿಯವರು ಬಿಚ್ಚಿ ಹರಡುವ ‘ರಾ ಸಿಲ್ಕ್’ ತಾನುಗಳ ನಡುವೆ ಡುಪಿಯನ್ ಕೂಡ ಇರುತ್ತದೆ. ಗರಿಗರಿ ಮೈ, ಒಳ್ಳೆಯ ಹೊಳಪು, ಅಗಲಕ್ಕೂ ಅಲ್ಲಲ್ಲಿ ಉಬ್ಬಿದ ಎಳೆ. ಆ ಉಬ್ಬನ್ನು ಕಂಡು ನೇಯ್ಗೆ ಕೆಟ್ಟಿದೆ ಎಂದು ತಾನನ್ನು ಪಕ್ಕಕ್ಕೆ ತಳ್ಳುವವರಿದ್ದಾರೆ. ಇದು ನನಗೆ ನಿಜಕ್ಕೂ ಬೇಸರದ ಸಂಗತಿ, ಏಕೆಂದರೆ ಈ ಬಟ್ಟೆಯ ಕುಲಗುರುತೇ ಅದು.

ಹಣ್ಣಾದ, ಎಂದರೆ ಚೆನ್ನಾಗಿ ಬಲಿತ ರೇಷ್ಮೆ ಹುಳುಗಳನ್ನು ರೈತರು ಗೂಡು ಕಟ್ಟಲು ಚಂದ್ರಿಕೆ ಎಂಬ ತಟ್ಟೆಗೆ ಬಿಡುತ್ತಾರೆ. ಹುಳುಗಳು ದಟ್ಟವಾದಾಗ ಎರಡು ಹುಳು ಸೇರಿ ಒಂದೇ ಗೂಡು ಕಟ್ಟಿಕೊಳ್ಳುವುದುಂಟು. ಒಂಟಿ ಗೂಡಿನಿಂದ ನೂರಾರು ಮೀಟರ್ ಎಳೆ ಸಲೀಸಾಗಿ ಬಿಚ್ಚಿ ಬರುತ್ತದೆ. ಜೋಡುಗೂಡಿನಲ್ಲಿ ಎರಡು ಎಳೆಗಳು ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಬಿಸಿನೀರಿನಲ್ಲಿ ಬೇಯಿಸಿ ಎಳೆದರೂ ತಡೆತಡೆದು ಬರುತ್ತವೆ, ಸಿಕ್ಕಾದ ಕಡೆ ನೂಲು ದಪ್ಪಗಾಗುತ್ತದೆ. ನುಣುಪು ನೂಲು ಬೇಕಾದವರು ಇಂಥ ಗೂಡುಗಳನ್ನು ಆರಿಸಿ ಬೇರೆ ಇಡುತ್ತಾರೆ. ಡುಪಿಯನ್‌ಗೆ ಬೇಕಾದದ್ದು ಇವೇ. ನೇಯುವಾಗ ಹಾಸಿನಲ್ಲಿ (ಉದ್ದದ ಎಳೆ) ಸಾಮಾನ್ಯವಾಗಿ ನಯವಾದ ನೂಲು, ಹೊಕ್ಕಿನಲ್ಲಿ (ಅಡ್ಡ ಎಳೆ) ಈ ಏರಿಳಿತದ ನೂಲು. ಆದ್ದರಿಂದಲೇ ಉಬ್ಬುಗಳು ಬಟ್ಟೆಯಲ್ಲಿ ಅಡ್ಡಡ್ಡ ಕಾಣುತ್ತವೆ. ಹಾಸು ಹೊಕ್ಕುಗಳಿಗೆ ಬೇರೆ ಬೇರೆ ಬಣ್ಣ ಕೊಟ್ಟರಂತೂ ನೆರಿಗೆ ಅಲುಗಿದಂತೆಲ್ಲ ಬಣ್ಣ ಬದಲಾಗುತ್ತದೆ.

ಇಟಲಿ, ಜಪಾನ್‌ಗಳಲ್ಲೂ ಇಂಥ ನೂಲು ತೆಗೆದಿದ್ದಾರೆ. ಇದಕ್ಕೆ ಹತ್ತಿರದ ಶಾಂಟುಂಗ್ ಬಟ್ಟೆ ಚೀನಾದ ಶಾಂಡೊಂಗ್ ಪ್ರಾಂತ್ಯದ್ದು. ನಮ್ಮ ದೇಶದಲ್ಲಿ ಡುಪಿಯನ್ ಎಂದರೆ ಮೊದಲು ಬಾಯಿಗೆ ಬರುವ ಹೆಸರುಗಳಲ್ಲಿ ಬೆಂಗಳೂರು ಒಂದು. ಮೈಸೂರು ಸೀಮೆಯಲ್ಲಿ ರೇಷ್ಮೆ ಕೃಷಿಗೆ 18ನೇ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಒತ್ತುಕೊಟ್ಟ. ಮುಂದೆ 1890ರ ದಶಕದಲ್ಲಿ ಇದೇ ಮುಂಬಯಿಯ ಉದ್ಯಮಿ ಜಮ್ಶೆಟ್‌ಜಿ ಟಾಟಾ, ಜಪಾನಿ ಪರಿಣತರ ನೆರವಿನಿಂದ ಬೆಂಗಳೂರಿನಲ್ಲಿ ರೇಷ್ಮೆ ಫಾರ್ಮ್ ತೆರೆದರು. ಬಸವನಗುಡಿಯ ಬಳಿ ‘ಟಾಟಾ ಸಿಲ್ಕ್ ಫಾರ್ಮ್’ ಎಂಬ ಹೆಸರು ಇಂದಿಗೂ ಉಳಿದಿದೆ. ಮುಂಬಯಿ ಕನ್ನಡಿಗರಾದ ನಾವು ಈ ನಂಟನ್ನು ಮರೆಯಬಾರದು.

ಬಟ್ಟೆ ಬಿರುಸಾಗಿ ನಿಲ್ಲುವುದರಿಂದ ಲೆಹಂಗಾ, ಕೋಟು, ದಿಂಬಿನ ಗವಸುಗಳಿಗೆ ಒಪ್ಪುತ್ತದೆ. ಪರದೆಗೆ ಬಳಸುವುದಾದರೆ ಹಿಂದೆ ಅಸ್ತರು ಕೊಡಿಸಲೇಬೇಕು. ಬಿಸಿಲು ಬಡಿದರೆ ರೇಷ್ಮೆ ಬಣ್ಣಗೆಟ್ಟು ಜೀರ್ಣವಾಗುತ್ತದೆ.

ಪಾಲಿಯೆಸ್ಟರ್ ನಕಲು ಬೇಕಾದಷ್ಟಿದೆ. ಅಂಚಿನಿಂದ ಒಂದೆರಡು ಎಳೆ ಕಿತ್ತು ಸುಟ್ಟು ನೋಡಿ: ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಅಂಗಡಿಯಲ್ಲಿ ಇದಕ್ಕೆ ಒಪ್ಪದಿದ್ದರೆ ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಿಂದ ಬಳಕೆಯಲ್ಲಿರುವ ‘ಸಿಲ್ಕ್ ಮಾರ್ಕ್’ ಚೀಟಿ ಇದೆಯೇ ಎಂದು ಕೇಳಿ.