ಇಸಿ ಅಂದರೆ ಏನು? ಮನೆ ಮಾರದವರೂ ಯಾಕೆ ತೆಗೆಸಬೇಕು?

ಮನೆ, ಸೈಟು ಕೊಳ್ಳುವ ಮಾತು ಬಂದಾಗಲೆಲ್ಲ ‘ಇಸಿ ತೆಗೆಸಿದ್ರಾ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬ್ಯಾಂಕಿನವರು ಕೇಳುತ್ತಾರೆ, ವಕೀಲರು ಕೇಳುತ್ತಾರೆ. ಆದರೆ ಗೃಹಪ್ರವೇಶ ಮುಗಿದು ಕ್ರಯಪತ್ರ ಬೀರು ಸೇರಿದ ಮೇಲೆ ಆ ಪದವೇ ಮರೆತುಹೋಗುತ್ತದೆ. ನನ್ನ ಪ್ರಕಾರ ಇಸಿ ಜಾಸ್ತಿ ಬೇಕಾಗುವುದು ಆಮೇಲೆ.

ಇಸಿ ಎಂದರೆ ಎನ್‌ಕಂಬರೆನ್ಸ್ ಸರ್ಟಿಫಿಕೇಟ್, ಸರ್ಕಾರಿ ಕನ್ನಡದಲ್ಲಿ ಋಣಭಾರ ಪ್ರಮಾಣಪತ್ರ. ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಋಣ ಎಂದ ಕೂಡಲೇ ಸಾಲ ಎಂದುಕೊಳ್ಳುತ್ತೇವೆ, ಅಲ್ವಾ? ಇದರಲ್ಲಿ ಬರುವುದು ಅಡಮಾನ ಒಂದೇ ಅಲ್ಲ. ಕ್ರಯ, ದಾನ, ವಿಭಾಗ, ಹಕ್ಕು ಬಿಡುಗಡೆ, ಹೀಗೆ ಆ ಸ್ವತ್ತಿನ ಮೇಲೆ ನೋಂದಣಿಯಾದ ವ್ಯವಹಾರಗಳು, ಯಾರು ಯಾರಿಗೆ ಯಾವ ತಾರೀಕು ಬರೆದುಕೊಟ್ಟರು ಎಂಬುದರ ಸಮೇತ ಸಾಲಾಗಿ ಇರುತ್ತವೆ. ಕೇಳಿದ ಅವಧಿಯಲ್ಲಿ ವ್ಯವಹಾರ ಆಗಿದ್ದರೆ ಫಾರಂ 15, ಏನೂ ಆಗಿರದಿದ್ದರೆ ಫಾರಂ 16. ‘ನಿಲ್ ಇಸಿ’ ಎನ್ನುವುದು ಈ ಎರಡನೆಯದಕ್ಕೆ.

‘ಒರಿಜಿನಲ್ ಪತ್ರ ನನ್ನ ಹತ್ರಾನೇ ಇದೆ, ಕಂದಾಯ ಕಟ್ತಾ ಇದೀನಿ, ಯಾರೇನು ಮಾಡ್ತಾರೆ?’ ಇದು ನಮ್ಮ ದೊಡ್ಡಪ್ಪನ ಮಾತು. ಮೋಸ ಮಾಡುವವನಿಗೆ ನಿಮ್ಮ ಬೀರು ಒಡೆಯುವ ಅಗತ್ಯವೇ ಇಲ್ಲ. 1908ರ ನೋಂದಣಿ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಕ್ರಯಪತ್ರದ ದೃಢೀಕೃತ ನಕಲನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ಪಡೆಯಬಹುದು. ಅದನ್ನು ಇಟ್ಟುಕೊಂಡು, ನಿಮ್ಮ ವಯಸ್ಸಿನವರೊಬ್ಬರನ್ನು ಹುಡುಕಿ, ನಿಮ್ಮ ಹೆಸರಿನ ನಕಲಿ ಆಧಾರ್ ಕೊಟ್ಟು ಸಬ್ ರಿಜಿಸ್ಟ್ರಾರ್ ಮುಂದೆ ಕೂರಿಸುತ್ತಾರೆ. ಅಲ್ಲಿ ಮುಖ್ಯವಾಗಿ ನೋಡುವುದು ಬಂದವರ ಗುರುತು ಮತ್ತು ಸಹಿ. ಈ ಜಾಗ ನಿಜಕ್ಕೂ ಇವರದ್ದೇನಾ ಎಂದು ಮೂಲಕ್ಕಿಳಿದು ವಿಚಾರಣೆ ಮಾಡುವುದು ಆ ಕಚೇರಿಯ ಕೆಲಸ ಅಲ್ಲ. ಖಾಲಿ ಸೈಟು, ಬೀಗ ಹಾಕಿದ ಮನೆ, ಮಾಲೀಕರು ದುಬೈಲೋ ಅಮೆರಿಕದಲ್ಲೋ ಇರುವ ಸ್ವತ್ತು, ಇಂಥವೇ ಮೋಸಗಾರರ ಕಣ್ಣಿಗೆ ಬೀಳುವುದು.

ಹೀಗೆ ಆದದ್ದು ನಿಮ್ಮ ಕಿವಿಗೆ ಬೀಳುತ್ತದೆ ಎಂಬ ಖಾತ್ರಿ ಇಲ್ಲ. ಆದರೆ ಇಸಿಯಲ್ಲಿ ನಿಮಗೆ ಗೊತ್ತಿಲ್ಲದ ಒಂದು ಹೊಸ ಸಾಲು ಬಂದು ಕೂತಿರುತ್ತದೆ. ಅದಕ್ಕೇ ಆರು ತಿಂಗಳಿಗೊಮ್ಮೆ ತೆಗೆಸಿ ನೋಡಿ ಎನ್ನುವುದು. ಕರ್ನಾಟಕ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಮನೆಯಲ್ಲೇ ಕೂತು ಅರ್ಜಿ ಹಾಕಬಹುದು. 2004ಕ್ಕಿಂತ ಹಿಂದಿನದು ಬೇಕಿದ್ದರೆ ಮಾತ್ರ ಸಾಮಾನ್ಯವಾಗಿ ಕಚೇರಿಯ ಹಳೆ ಪುಸ್ತಕಗಳನ್ನೇ ನೋಡಿಸಬೇಕಾಗುತ್ತದೆ. ಒಂದು ಎಚ್ಚರ: ನೀವು ಕೊಟ್ಟ ವಿವರಕ್ಕೆ ತಕ್ಕಂತೆ ಹುಡುಕಾಟ ನಡೆಯುತ್ತದೆ. ಹಳೆ ಸರ್ವೆ ನಂಬರು, ಹೊಸ ನಂಬರು, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಎಲ್ಲ ಸರಿಯಾಗಿ ಕೊಡಿ. ಇಲ್ಲದಿದ್ದರೆ ನಿಲ್ ಬಂತು ಎಂದು ಸುಮ್ನೆ ಖುಷಿಪಡುತ್ತೀರಿ.

ಇಸಿಗೆ ಕಾಣದ ಸಂಗತಿಗಳೂ ಇವೆ. ನೋಂದಣಿ ಕಚೇರಿಯಲ್ಲಿ ಬೇರೆ ಬೇರೆ ಪುಸ್ತಕಗಳಿರುತ್ತವೆ. ಇಸಿ ತಯಾರಾಗುವುದು ಸ್ಥಿರಾಸ್ತಿ ಪತ್ರಗಳ 1ನೇ ಪುಸ್ತಕದಿಂದ. ಉಯಿಲು ಹೋಗುವುದು 3ನೇ ಪುಸ್ತಕಕ್ಕೆ, ಜಿಪಿಎ, ಅಂದರೆ ನಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ ಪತ್ರ, ಸಾಮಾನ್ಯವಾಗಿ 4ನೇ ಪುಸ್ತಕಕ್ಕೆ. ಅಂದರೆ ಯಾರೋ ನಿಮ್ಮ ಹೆಸರಿನಲ್ಲಿ ನಕಲಿ ಜಿಪಿಎ ಸೃಷ್ಟಿಸಿಕೊಂಡಿದ್ದರೆ, ಅದನ್ನು ಬಳಸಿ ಮಾರುವವರೆಗೂ ಇಸಿ ಸ್ವಚ್ಛವಾಗಿಯೇ ಕಾಣುತ್ತದೆ! ನೋಂದಣಿಯಾಗದ ಕರಾರು, ಕೋರ್ಟಿನಲ್ಲಿ ನಡೆಯುತ್ತಿರುವ ದಾವೆ ಕೂಡ ಸಾಮಾನ್ಯವಾಗಿ ಇದರಲ್ಲಿ ಸಿಗುವುದಿಲ್ಲ. ಬೆಂಗಳೂರಿನಲ್ಲಿ 2024ರ ಕೊನೆಯಿಂದ ನೋಂದಣಿಗೆ ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ) ಬೇಕೇ ಬೇಕು. ಅದರಿಂದ ಕಳ್ಳರಿಗೆ ಸ್ವಲ್ಪ ಕಷ್ಟವಾಗಿರುವುದು ನಿಜ, ನೀವಿನ್ನೂ ಮಾಡಿಸದಿದ್ದರೆ ಮಾಡಿಸಿಬಿಡಿ.

ಗೊತ್ತಿಲ್ಲದ ಸಾಲು ಕಂಡರೆ? ಮೊದಲು ಆ ದಾಖಲೆಯ ದೃಢೀಕೃತ ನಕಲು ತೆಗೆದುಕೊಳ್ಳಿ, ಫೋಟೋ, ಸಹಿ, ಸಾಕ್ಷಿಗಳು ಯಾರು ಎಂದು ಅದರಲ್ಲೇ ಗೊತ್ತಾಗುತ್ತದೆ. ಆಮೇಲೆ ಪೊಲೀಸ್ ದೂರು. ಬೇರೆಯವರ ಹೆಸರಿನಲ್ಲಿ ಬಂದು ನೋಂದಣಿ ಮಾಡಿಸಿದ್ದಕ್ಕೆ ನೋಂದಣಿ ಕಾಯ್ದೆಯ 82ನೇ ಸೆಕ್ಷನ್‌ನಲ್ಲಿ 7 ವರ್ಷದವರೆಗೆ ಜೈಲಿದೆ. ಪತ್ರ ರದ್ದಾಗಲು ಸಿವಿಲ್ ಕೋರ್ಟಿಗೆ ಹೋಗಬೇಕಾಗಬಹುದು. ರದ್ದತಿ ದಾವೆಗೆ ವಿಷಯ ತಿಳಿದ ದಿನದಿಂದ 3 ವರ್ಷದ ಗಡುವು ಇರುವುದರಿಂದ ‘ನೋಡೋಣ’ ಎಂದು ಕೂರಬೇಡಿ.

ದೊಡ್ಡಪ್ಪನ ಇಸಿ ಕೊನೆಗೂ ಕಳೆದ ತಿಂಗಳು ತೆಗೆಸಿದೆವು. ಕಳ್ಳರ ಸಾಲು ಇರಲಿಲ್ಲ. ಒಂಬತ್ತು ವರ್ಷದ ಹಿಂದೆ ತೀರಿಸಿದ ಗೃಹಸಾಲದ ಅಡಮಾನ ಮಾತ್ರ ಹಾಗೇ ಇತ್ತು, ಬ್ಯಾಂಕಿನಿಂದ ಪತ್ರ ವಾಪಸ್ ತಂದವರು ಅಡಮಾನ ಬಿಡುಗಡೆಯನ್ನು ರಿಜಿಸ್ಟರ್ ಮಾಡಿಸಿರಲಿಲ್ಲ. ಈಗ ಅದಕ್ಕೆ ಓಡಾಡುತ್ತಿದ್ದಾರೆ.